ಗರಾಜಿನಲ್ಲಿ ಸಿಕ್ಕ ಎರಡು ಹಳೆ ಬಿಲ್ಲು: ಒಂದು ಉಳಿಯಿತು, ಒಂದು ಸಿಡಿಯಿತು

ಮೇ 18, ಶನಿವಾರ. 45 ಡಾಲರ್

ಮಿಷಿಗನ್‌ನಲ್ಲಿ ಮೇ ತಿಂಗಳು ಬಂತೆಂದರೆ ಬೀದಿಗೊಂದು ಗರಾಜ್ ಸೇಲ್. ನಾನು ಹೋದದ್ದು ಮಗಳಿಗೆ ಸೈಕಲ್ ಹುಡುಕಲು. ಸೈಕಲ್ ಸಿಗಲಿಲ್ಲ, ಬಿಲ್ಲು ಸಿಕ್ಕಿತು. ಒಂದಲ್ಲ, ಎರಡು. ಒಂದು ಮೂಲೆಯಲ್ಲಿ ಸಲಿಕೆ, ಪೊರಕೆಗಳ ಜೊತೆ ಗೋಡೆಗೆ ಒರಗಿ ನಿಂತಿತ್ತು. ಇನ್ನೊಂದು ಸೂರಿನ ಕೆಳಗೆ, ತೊಲೆಗಳ ಮೇಲೆ ಮಲಗಿತ್ತು. ಎರಡಕ್ಕೂ ಹೆದೆ ಇರಲಿಲ್ಲ. ಮಾರುತ್ತಿದ್ದ ಅಜ್ಜಿ 60 ಡಾಲರ್ ಹೇಳಿದರು. 45ಕ್ಕೆ ಕೊಟ್ಟರು, ಜೊತೆಗೆ ನಾಲ್ಕು ಹಳೆ ಅಲ್ಯೂಮಿನಿಯಂ ಬಾಣಗಳನ್ನೂ ಸುಮ್ನೆ ಕೊಟ್ಟರು.

ಎರಡು ವರ್ಷದಿಂದ ಕ್ಲಬ್ಬಿನ ಬಿಲ್ಲಿನಲ್ಲಿ ಬಾಣ ಬಿಡುತ್ತಿದ್ದೇನೆ. ಹಳೆ ಬಿಲ್ಲನ್ನು ಸ್ವಂತಕ್ಕೆ ತಂದು ರೆಡಿ ಮಾಡಿದ್ದು ಇದೇ ಮೊದಲು. ಆದ್ದರಿಂದ ಕೆಳಗೆ ತಪ್ಪುಗಳೇ ಜಾಸ್ತಿ ಇವೆ.

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಹಿಡಿಯ ಮೇಲೆ ಒಂದು, ಕೆಳಗೆ ಒಂದು ಬಾಗುವ ಭಾಗ ಇರುತ್ತದಲ್ವಾ, ಅದನ್ನು ತೋಳು ಅನ್ನುತ್ತೇನೆ. ತುದಿಯಲ್ಲಿ ಹೆದೆಯ ಕುಣಿಕೆ ಕೂರುವ ಜಾಗ ಕಚ್ಚು. ಉಳಿದದ್ದು ಓದುತ್ತಾ ಗೊತ್ತಾಗುತ್ತದೆ.

ಮೇ 19, ಭಾನುವಾರ. ಯಾವ ಬಿಲ್ಲು ಇದು? (ಮತ್ತು ಮೊದಲ ತಪ್ಪು)

ಮೂಲೆಯಲ್ಲಿದ್ದ ಬಿಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ ಹಾಗೆ ತೋಳಿನ ಮೇಲೆ ಹೆಸರು ಎದ್ದು ಬಂತು: ಬೇರ್ ಆರ್ಚರಿ, ಗ್ರಿಜ್ಲಿ. ಊರು ಗ್ರೇಲಿಂಗ್, ಮಿಷಿಗನ್. ನಮ್ಮ ಮನೆಯಿಂದ ಉತ್ತರಕ್ಕೆ ಸುಮಾರು ಮೂರು ಗಂಟೆ ಕಾರಿನ ದಾರಿ. ಖುಷಿಯಾಯಿತು, ನಮ್ಮ ಜಿಲ್ಲೆಯವನೇ ಸಿಕ್ಕ ಹಾಗೆ.

ಊರಿನ ಹೆಸರಿನಿಂದಲೇ ಅರ್ಧ ಕೆಲಸ ಆಗುತ್ತದೆ. ಫ್ರೆಡ್ ಬೇರ್ ಡೆಟ್ರಾಯಿಟ್‌ನಲ್ಲಿ 1933ರಲ್ಲಿ ಶುರು ಮಾಡಿದ ಕಂಪನಿ ಇದು. 1947ರಲ್ಲಿ ಗ್ರೇಲಿಂಗ್‌ಗೆ ಹೋಯಿತು. 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಅಂದರೆ ಗ್ರೇಲಿಂಗ್ ಅಂತ ಇದ್ದರೆ ಬಿಲ್ಲಿಗೆ ನಲವತ್ತೈದು ದಾಟಿದೆ ಅಂತಲೇ ಲೆಕ್ಕ.

ಎರಡನೆಯ ಸುಳಿವು ಹಿಡಿಯಲ್ಲಿ ಕೂರಿಸಿದ ಬಿಲ್ಲೆ. ಬಿಲ್ಲಿನ ಬಿಲ್ಲೆ! ಮರದ ಮೈಗೆ ಸಮನಾಗಿ, ಕೈ ಆಡಿಸಿದರೆ ತಡೆಯದ ಹಾಗೆ ಕೂತ ಲೋಹದ ನಾಣ್ಯವಾದರೆ ಅದು 1959ರಿಂದ ಎಪ್ಪತ್ತರ ದಶಕದ ಮೊದಲ ವರ್ಷಗಳವರೆಗಿನ ಬಿಲ್ಲು. ಉಬ್ಬಿದ ಬಿಲ್ಲೆಯಾದರೆ ಆಮೇಲಿನದ್ದು. ನನ್ನದು ಸಮ. ಮೂರನೆಯದು ಸೀರಿಯಲ್ ನಂಬರ್. 1965ರಿಂದ 1969ರವರೆಗಿನ ಬೇರ್ ಬಿಲ್ಲುಗಳಲ್ಲಿ ನಂಬರಿನ ಮೊದಲ ಅಂಕಿಯೇ ವರ್ಷದ ಕೊನೆಯ ಅಂಕಿ. ನನ್ನದರಲ್ಲಿ 7. ಹಾಗಾಗಿ 1967. ಮೂರೂ ಸುಳಿವು ಒಂದನ್ನೊಂದು ಒಪ್ಪಬೇಕು. ಉಬ್ಬಿದ ಬಿಲ್ಲೆ ಇದ್ದು ನಂಬರ್ 7ರಿಂದ ಶುರುವಾದರೆ 1967 ಅಂತ ಕುಣಿಯಬೇಡಿ.

ಈಗ ತಪ್ಪು. ನಂಬರಿನ ಪಕ್ಕದಲ್ಲಿ ಶಾಯಿಯಲ್ಲಿ ಕೈಯಿಂದ ಬರೆದ ಎಳೆತದ ತೂಕ ಇತ್ತು, ಅಂದರೆ ಹೆದೆಯನ್ನು 28 ಇಂಚಿಗೆ ಎಳೆಯಲು ಎಷ್ಟು ಪೌಂಡ್ ಬಲ ಬೇಕು ಅಂತ. ಮೇಲೆ ಜಿಡ್ಡು. 45ರ ಹಾಗೂ ಕಾಣುತ್ತಿತ್ತು, 55ರ ಹಾಗೂ ಕಾಣುತ್ತಿತ್ತು. ಸ್ಪಷ್ಟವಾಗಲಿ ಅಂತ ಹೆಂಡತಿಯ ನೇಲ್ ಪಾಲಿಶ್ ತೆಗೆಯುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಒಂದು ಸಲ ಎಳೆದೆ. ಅದರಲ್ಲಿ ಅಸಿಟೋನ್ ಇರುತ್ತದೆ. ಜಿಡ್ಡು ಹೋಯಿತು. ಶಾಯಿಯೂ ಹೋಯಿತು. ಅಲ್ಲಿನ ವಾರ್ನಿಶ್ ಕೂಡ ಮಂಕಾಯಿತು. 57 ವರ್ಷ ಉಳಿದುಕೊಂಡಿದ್ದ ಬರಹವನ್ನು ನಾನು ಎರಡು ಸೆಕೆಂಡಿನಲ್ಲಿ ಅಳಿಸಿದ್ದೆ.

ಗರಾಜ್ ಸೇಲಿನಲ್ಲಿ ನಿಂತು ಮೈಸೂರಿನ ಭಾವನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಫೋಟೋ ಒಂದಿತ್ತು. ಸೀರಿಯಲ್ ನಂಬರ್ ಚೆನ್ನಾಗಿ ಬಿದ್ದಿದೆ. ತೂಕದ ಮೇಲೆ ನನ್ನ ಹೆಬ್ಬೆರಳು. ಒರೆಸುವ ಮೊದಲು ಫೋಟೋ ತೆಗೆಯಿರಿ, ಬೆರಳು ಆಚೆ ಇಟ್ಟು. ಒರೆಸುವುದಕ್ಕೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು ಸಾಕು.

ಇನ್ನೊಂದು ಬಿಲ್ಲಿನಲ್ಲಿ ಹೆಸರೂ ಇಲ್ಲ, ನಂಬರೂ ಇಲ್ಲ. ಕಪ್ಪು ಫೈಬರ್ ಗ್ಲಾಸ್, ನಡುವೆ ಮರ, ತುದಿಯಿಂದ ತುದಿಗೆ 62 ಇಂಚು. ಕಚ್ಚುಗಳನ್ನು ಅರದಿಂದ ಕೈಯಲ್ಲೇ ಉಜ್ಜಿದ ಹಾಗಿತ್ತು. ಯಾರೋ ಮನೆಯಲ್ಲೇ ಮಾಡಿಕೊಂಡದ್ದಿರಬೇಕು. ಇದನ್ನು ಮುಂದೆ ಕರಿಯ ಅನ್ನುತ್ತೇನೆ.

ಎರಡೂ ಬಲಗೈಯವರ ಬಿಲ್ಲು. ಇದನ್ನು ನೋಡುವುದು ಸುಲಭ. ಬಿಡುವವನ ಹಾಗೆ ಹಿಡಿದಾಗ ಬಾಣ ಕೂರುವ ಕಿಟಕಿ ಎಡಗಡೆ ಇದ್ದರೆ ಬಲಗೈಯವರದ್ದು.

ಮೇ 25, ಶನಿವಾರ. ಬಿರುಕು ಹುಡುಕುವ ಕೆಲಸ

ಬೇಕಾದದ್ದು ಟಾರ್ಚ್, ಹತ್ತಿ, ಉಗುರು, ಪೆನ್ಸಿಲ್. ಎರಡು ಗಂಟೆ ಹಿಡಿಯಿತು. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದೇ.

ಹಳೆ ಬಿಲ್ಲಿನ ಮೇಲೆ ಗೆರೆಗಳು ಇದ್ದೇ ಇರುತ್ತವೆ. ಗೆರೆ ಯಾವ ದಿಕ್ಕಿಗೆ ಹೋಗಿದೆ ಅನ್ನುವುದೇ ಮುಖ್ಯ. ತೋಳಿನ ಉದ್ದಕ್ಕೆ, ಫೈಬರ್ ಗ್ಲಾಸಿನ ಎಳೆಗಳ ಜೊತೆಗೆ ಓಡುವ ಕೂದಲಿನಂಥ ಗೆರೆ ಸಾಮಾನ್ಯವಾಗಿ ಭಯದ್ದಲ್ಲ. ಗ್ಲಾಸಿನ ಎಳೆಗಳೂ ಉದ್ದಕ್ಕೇ ಇರುವುದರಿಂದ ಅವು ತುಂಡಾಗಿರುವುದಿಲ್ಲ. ಅಡ್ಡ ಗೆರೆ ಬೇರೆ ವಿಷಯ. ಅಲ್ಲಿ ಎಳೆಗಳೇ ಕಡಿದಿರಬಹುದು. ಆದರೆ ಬರೀ ವಾರ್ನಿಶ್ ಒಡೆದರೂ ಅಡ್ಡ ಗೆರೆ ಕಾಣುತ್ತದೆ, ತಲೆನೋವು ಇರುವುದೇ ಅಲ್ಲಿ.

ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ತೋಳಿಗೆ ಹೆಚ್ಚುಕಡಿಮೆ ತಾಗಿಸಿ ಬಿಟ್ಟೆ. ಗೆರೆಗಳ ನೆರಳು ಬೀಳುತ್ತದೆ. ಉಗುರನ್ನು ಮೆಲ್ಲಗೆ ಅಡ್ಡ ಎಳೆದೆ. ಹತ್ತಿಯ ಉಂಡೆಯನ್ನು ತೋಳಿನ ಅಂಚುಗಳ ಮೇಲೆ ಜಾರಿಸಿದೆ. ಎಲ್ಲಿ ಸಿಬಿರು ಎದ್ದಿದೆಯೋ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಕೈಯಿಂದ ಮುಟ್ಟಿ ನೋಡಬೇಡಿ, ಗ್ಲಾಸಿನ ಸಿಬಿರು ಬೆರಳಿಗೆ ಹೊಕ್ಕರೆ ಮೂರು ದಿನ ನೆನಪಿಸುತ್ತದೆ.

ಗ್ರಿಜ್ಲಿ: ಮೇಲಿನ ತೋಳಿನಲ್ಲಿ ಉದ್ದಕ್ಕೆ 4 ಇಂಚಿನ ಒಂದು ಗೆರೆ. ಉಗುರು ತಡೆಯಲಿಲ್ಲ. ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆದೆ. ಅಂಚುಗಳು ಶುದ್ಧ. ಹಿಡಿಯಿಂದ ತೋಳು ಹೊರಡುವ ಜಾಗದಲ್ಲಿ ಪದರ ಬಿಟ್ಟಿಲ್ಲ. ಕಚ್ಚುಗಳ ಮೇಲೆ ಅಂಟಿಸಿದ ತುಣುಕುಗಳು ಗಟ್ಟಿ. ಗುರಿ ನೋಡುವ ಸೈಟ್ ಕೂರಿಸಲು ಹಳೆ ಮಾಲೀಕರು ಕಿಟಕಿಯ ಪಕ್ಕ ಎರಡು ಸ್ಕ್ರೂ ತೂತು ಕೊರೆದಿದ್ದಾರೆ. ಸಂಗ್ರಹ ಮಾಡುವವರು ಇದಕ್ಕೇ ಬೆಲೆ ಇಳಿಸುತ್ತಾರೆ. ಬಾಣ ಬಿಡುವವನಿಗೆ ಏನೂ ನಷ್ಟವಿಲ್ಲ, ಹಿಡಿಯ ದಪ್ಪ ಮರದಲ್ಲಿದ್ದರೆ. ತೋಳಿನಲ್ಲಿ ತೂತಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಕರಿಯ: ಕೆಳಗಿನ ತೋಳಿನಲ್ಲಿ, ನಮ್ಮ ಕಡೆಯ ಮುಖದಲ್ಲಿ, ಹಿಡಿಯಿಂದ 6 ಇಂಚು ದೂರಕ್ಕೆ ಅರ್ಧ ಇಂಚಿನ ಅಡ್ಡ ಗೆರೆ. ಉಗುರು ತಡೆದ ಹಾಗೂ ಆಯಿತು, ತಡೆಯದ ಹಾಗೂ ಆಯಿತು. ನನ್ನ ನೋಟ್‌ಬುಕ್ಕಿನಲ್ಲಿ ಏನು ಬರೆದಿದ್ದೇನೆ ಗೊತ್ತಾ? ‘ವಾರ್ನಿಶ್ ಇರಬೇಕು.’ ಇರಬೇಕು! ಬಿಲ್ಲು ಚೆನ್ನಾಗಿರಲಿ ಅಂತ ಮನಸ್ಸು ಬಯಸಿದರೆ ಉಗುರೂ ಸುಳ್ಳು ಹೇಳುತ್ತದೆ.

ಮೇ 29. ತಪ್ಪು ಹೆದೆ, 17 ಡಾಲರ್

ಹೆದೆ ತರಿಸುವಾಗ ಎರಡು ವಿಷಯ ನೋಡಬೇಕು. ಮೊದಲನೆಯದು ನೂಲು. ಈಗಿನ ಹೆದೆಗಳು ಹಿಗ್ಗದ ನೂಲಿನವು, ಫಾಸ್ಟ್ ಫ್ಲೈಟ್ ಅಂತ ಬರುವ ಜಾತಿ. ಬಾಣ ಬಿಟ್ಟಾಗ ಇದು ತುದಿಗಳಿಗೆ ಕೊಡುವ ಏಟು ಜೋರು. ಹಳೆ ಬಿಲ್ಲಿನ ತುದಿಗಳು ಆ ಏಟಿಗೆ ಮಾಡಿದವಲ್ಲ. ಕಚ್ಚು ಸೀಳಬಹುದು. ಸ್ವಲ್ಪ ಹಿಗ್ಗುವ ಡೇಕ್ರಾನ್ ನೂಲೇ ಬೇಕು, ಬಿ-50 ಅಥವಾ ಬಿ-55. ನಾನು ತರಿಸಿದ್ದು ಬಿ-55, 14 ಎಳೆ. ಇದು ಸರಿಯಾಗಿತ್ತು.

ತಪ್ಪಿದ್ದು ಉದ್ದದಲ್ಲಿ. ಬಿಲ್ಲು 58 ಇಂಚಿನದ್ದು. ಆರ್ಡರ್ ಮಾಡುವ ಜಾಗದಲ್ಲಿ ‘ಹೆದೆಯ ನಿಜ ಉದ್ದ’ ಅಂತ ಕೇಳಿತ್ತು. 58 ಅಂತ ಒತ್ತಿದೆ. ಬಂತು, ನಿಜವಾಗಿಯೂ 58 ಇಂಚು. ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಇಂಥ ಬಿಲ್ಲಿಗೆ, ಹೆದೆ ಬಿಲ್ಲಿಗಿಂತ 3ರಿಂದ 4 ಇಂಚು ಗಿಡ್ಡ ಇರಬೇಕು. ಇಲ್ಲದಿದ್ದರೆ ಅದು ಹೆದೆಯಲ್ಲ, ಬಟ್ಟೆ ಒಣಗಿಸುವ ಹಗ್ಗ. ಕೆಲವು ಅಂಗಡಿಗಳು ಎಎಂಒ (ಬಿಲ್ಲು ತಯಾರಕರ ಸಂಘದ ಅಳತೆ ಪದ್ಧತಿ) ಉದ್ದ ಕೇಳುತ್ತವೆ. ಅಲ್ಲಿ ಬಿಲ್ಲಿನ ಉದ್ದವನ್ನೇ ಕೊಡಬೇಕು, ಕಳೆಯುವ ಲೆಕ್ಕವನ್ನು ಅವರೇ ಮಾಡುತ್ತಾರೆ. ಎರಡರಲ್ಲಿ ಯಾವುದು ಕೇಳುತ್ತಿದ್ದಾರೆ ಅಂತ ಓದಿ ಆಮೇಲೆ ಒತ್ತಿ. ಇನ್ನೊಂದು 17 ಡಾಲರ್ ಕೊಟ್ಟು 54 ಇಂಚಿನದ್ದು ತರಿಸಿದೆ. 58ರದ್ದು ಕರಿಯನಿಗೆ ಸರಿಹೋಯಿತು ಅನ್ನುವುದೊಂದೇ ಸಮಾಧಾನ.

ಜೂನ್ 1, ಶನಿವಾರ. ಹೆದೆ ಏರಿಸಿದ್ದು

ಹೆದೆ ಏರಿಸಲು ಹೋಗಿ ಬಿಲ್ಲು ಮುರಿದು, ಅದರಿಂದ ಒಳ್ಳೆಯದಾದದ್ದು ಮಿಥಿಲೆಯಲ್ಲಿ ಒಬ್ಬರಿಗೆ ಮಾತ್ರ. ನಾವು ಹುಷಾರಾಗಿರಬೇಕು.

ಸಿನಿಮಾದಲ್ಲಿ ಮಾಡುವ ಹಾಗೆ ಬಿಲ್ಲಿನೊಳಗೆ ಒಂದು ಕಾಲು ತೂರಿಸಿ, ತೊಡೆಯಿಂದ ಬಗ್ಗಿಸಿ ಹೆದೆ ಏರಿಸುವ ಪದ್ಧತಿ ಇದೆ. ಕರಿಯನಿಗೆ ಹಾಗೇ ಮಾಡಿದೆ, ಹೆದೆ ಏರಿಸುವ ಸಾಧನ ಸ್ಟ್ರಿಂಗರ್ ಇನ್ನೂ ಬಂದಿರಲಿಲ್ಲ ಅಂತ. ಆ ಪದ್ಧತಿಯಲ್ಲಿ ತೋಳು ನೇರ ಬಾಗದೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಅರ್ಧದಲ್ಲಿ ತುದಿ ಕೈಯಿಂದ ಜಾರಿ ಮಂಡಿಗೆ ಬಡಿಯಿತು. ಮುಖಕ್ಕೆ ಬಡಿಯಬಹುದಿತ್ತು. ಅಲ್ಲಿಗೆ ನಿಲ್ಲಿಸಿದೆ.

ಮಧ್ಯಾಹ್ನ ಸ್ಟ್ರಿಂಗರ್ ಬಂತು, 14 ಡಾಲರ್. ಒಂದು ಹಗ್ಗ, ಎರಡು ತುದಿಗೆ ಚೀಲದಂಥ ಟೋಪಿ. ಟೋಪಿಗಳನ್ನು ತುದಿಗಳಿಗೆ ಹಾಕಿ, ಹಗ್ಗವನ್ನು ಎರಡೂ ಕಾಲಲ್ಲಿ ತುಳಿದು, ಹಿಡಿಯನ್ನು ಮೇಲೆತ್ತಿದರೆ ಎರಡು ತೋಳೂ ಸಮವಾಗಿ ಬಾಗುತ್ತವೆ. ಕುಣಿಕೆ ಕಚ್ಚಿಗೆ ಜಾರುತ್ತದೆ. ಅರ್ಧ ನಿಮಿಷದ ಕೆಲಸ. 14 ಡಾಲರ್ ಉಳಿಸಲು ಹೋಗಿ ಮಂಡಿ ಊದಿಸಿಕೊಂಡೆ.

ಗ್ರಿಜ್ಲಿಯಲ್ಲಿ ಹಿಡಿಯ ಆಳವಾದ ಜಾಗದಿಂದ ಹೆದೆಗೆ 7 ಮುಕ್ಕಾಲು ಇಂಚು ಬಂತು. ಹೆದೆಗೆ ಆರು ಸುತ್ತು ಹುರಿ ಕೊಟ್ಟು 8ಕ್ಕೆ ತಂದೆ. ಮೇಲಿನ ತೋಳು ಮತ್ತು ಹೆದೆಯ ಅಂತರ ಕೆಳಗಿನದಕ್ಕಿಂತ 5 ಮಿಲಿಮೀಟರ್ ಜಾಸ್ತಿ. ಇದು ಹೀಗೇ ಇರಬೇಕು. ಕೆಳಗೆ ಜಾಸ್ತಿ ಇದ್ದರೆ ಅನುಮಾನ ಪಡಬೇಕಿತ್ತು.

ಆಮೇಲೆ ಬಿಲ್ಲನ್ನು ಕುರ್ಚಿಯ ಬೆನ್ನಿಗೆ ಒರಗಿಸಿ, ಹೆದೆಯ ಹಿಂದೆ ನಿಂತು ಒಂದೇ ಕಣ್ಣಲ್ಲಿ ನೋಡಿದೆ. ಹೆದೆ ಎರಡು ತೋಳಿನ ನಟ್ಟನಡುವೆ ಹೋಗಬೇಕು. ಮೇಲೆ ಸರಿ ಇತ್ತು. ಕೆಳಗಿನ ತುದಿಯಲ್ಲಿ ಹೆದೆ ಕಾಲು ಇಂಚು ಎಡಕ್ಕೆ. ತೋಳು ತಿರುಚಿದೆ. ಮೂಲೆಯಲ್ಲಿ ಕೆಳಗಿನ ತುದಿಯ ಮೇಲೆ ನಿಂತು ಇಷ್ಟು ವರ್ಷ ಕಳೆದರೆ ಇನ್ನೇನಾಗುತ್ತದೆ?

ಜೂನ್ 2ರಿಂದ 6. ಸೊಟ್ಟ ನೇರ ಮಾಡಿದ್ದು

ಮೊದಲ ಸಲ: ಹೆದೆ ಇಳಿಸಿ, ತೋಳಿಗೆ ಹೇರ್ ಡ್ರೈಯರ್ ಹಿಡಿದೆ. ಕೈ ಇಟ್ಟರೆ ತಡೆದುಕೊಳ್ಳುವಷ್ಟೇ ಬಿಸಿ, ಅದಕ್ಕಿಂತ ಮೇಲೆ ಬೇಡ, ಒಳಗಿನ ಅಂಟು ಬಿಟ್ಟರೆ ಕಥೆ ಮುಗಿಯಿತು. ಎದುರು ದಿಕ್ಕಿಗೆ ತಿರುಚಿ ಒಂದು ನಿಮಿಷ ಹಿಡಿದೆ. ನೇರವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಮೊದಲಿನ ಹಾಗೇ.

ಎರಡನೆಯ ಸಲ: ನೇರ ಆಗುವಷ್ಟಲ್ಲ, ಇನ್ನೂ ಸ್ವಲ್ಪ ಆಚೆಗೆ ತಿರುಚಿ, ತಣ್ಣಗಾಗುವವರೆಗೆ ಹಿಡಿದೆ. ಐದು ನಿಮಿಷ. ಕೈ ಸೋತು ಬಿತ್ತು. ಅರ್ಧದಷ್ಟು ಉಳಿಯಿತು.

ಮೂರನೆಯ ಸಲ: ಅದನ್ನೇ ಮಾಡಿ, ಬಿಸಿ ಆರಿದ ತಕ್ಷಣ ಹೆದೆ ಏರಿಸಿ, ಎರಡು ದಿನ ಹೆದೆ ಇಳಿಸದೆ ಮಲಗಿಸಿಟ್ಟೆ. ಆಫೀಸಿನಿಂದ ಬಂದಾಗಲೆಲ್ಲ ಕೆಳಗಿನ ತೋಳನ್ನು ಕೈಯಲ್ಲಿ ಒಮ್ಮೆ ಎದುರಿಗೆ ತಿರುವಿ ಬಿಡುತ್ತಿದ್ದೆ. 6ನೇ ತಾರೀಖಿಗೆ ಹೆದೆ ನಡುವಿನಿಂದ 2 ಮಿಲಿಮೀಟರ್ ದೂರ. ಕುಣಿಕೆ ಕಚ್ಚಿನಲ್ಲಿ ಭದ್ರವಾಗಿ ಕೂತಿದೆ. ಇಷ್ಟು ಸಾಕು.

ಜೂನ್ 8, ಶನಿವಾರ. ಎಳೆದು ನೋಡಿದ ದಿನ

ಕಣ್ಣಿಗೆ ಚೆನ್ನಾಗಿ ಕಂಡಿತು ಅಂತ ಕೈಯಲ್ಲಿ ಹಿಡಿದು ಪೂರ್ತಿ ಎಳೆಯಬೇಡಿ ಅಂತ ಕ್ಲಬ್ಬಿನ ಹಿರಿಯರೊಬ್ಬರು ಹೇಳಿದ್ದರು. ಅವರ ಮಾತು ಕೇಳಿದ್ದೇ ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಂದು ಜಾಣತನ.

ಗರಾಜಿನ ಕಂಬಕ್ಕೆ ಬಿಲ್ಲಿನ ಹಿಡಿಯನ್ನು ಬಟ್ಟೆ ಸುತ್ತಿ ಅಡ್ಡಕ್ಕೆ ಕಟ್ಟಿದೆ. ಹೆದೆಗೆ ಸೂಟ್‌ಕೇಸ್ ತೂಗುವ ಡಿಜಿಟಲ್ ತಕ್ಕಡಿ, 11 ಡಾಲರ್‌ದು. ಅದರ ಕೊಕ್ಕೆಗೆ ಹಗ್ಗ. ಹಗ್ಗ ಕೆಳಗಿನ ರಾಟೆ ಸುತ್ತಿ 10 ಅಡಿ ದೂರಕ್ಕೆ. ಕಂಬದ ಮೇಲೆ ಇಂಚಿನ ಗುರುತು. ತಕ್ಕಡಿಯ ಅಂಕಿ ಓದಲು ಮೊಬೈಲ್ ವಿಡಿಯೋ. ಎರಡು ತೋಳಿಗೂ ಹಳೆ ಪಂಚೆ ಸಡಿಲವಾಗಿ ಸುತ್ತಿದೆ. ಕಣ್ಣಿಗೆ ಸೇಫ್ಟಿ ಗ್ಲಾಸ್. ಮಗಳು ಮನೆಯೊಳಗೆ.

ಮೊದಲು ಕರಿಯ. 10 ಇಂಚಿಗೆ ಇಪ್ಪತ್ತು ಸಲ. ಶಬ್ದವಿಲ್ಲ. 14 ಇಂಚಿಗೆ ಇಪ್ಪತ್ತು ಸಲ. ಹಪ್ಪಳ ಮುರಿದ ಹಾಗೆ ಒಂದು ಸಣ್ಣ ಟಿಕ್. ಆಗಲೇ ನಿಲ್ಲಿಸಬೇಕಿತ್ತು. ಹಗ್ಗದ ಗಂಟು ಅಂದುಕೊಂಡೆ. 18 ಇಂಚಿಗೆ ಮೂರನೆಯ ಸಲ ಎಳೆದಾಗ ಪಟಾಕಿಯ ಹಾಗೆ ಢಂ ಅಂತು. ಕೆಳಗಿನ ತೋಳು ಅದೇ ಅಡ್ಡ ಗೆರೆಯ ಹತ್ತಿರ ಮುರಿದು, ಪಂಚೆ ಹರಿದು, ಅಂಗೈ ಉದ್ದದ ಫೈಬರ್ ಗ್ಲಾಸ್ ಚೂರು ಎದುರಿನ ಬಾಗಿಲಿಗೆ ಬಡಿದು ಬಿತ್ತು. ಬಾಗಿಲಲ್ಲಿ ಗೀರು ಈಗಲೂ ಇದೆ. ನಾನು ಕೈಯಲ್ಲಿ ಹಿಡಿದು ಎಳೆಯುತ್ತಿದ್ದರೆ ಅದೇ ಚೂರಿನ ದಾರಿಯಲ್ಲಿ ನನ್ನ ಮುಖ ಇರುತ್ತಿತ್ತು.

ಐದು ನಿಮಿಷ ಕೂತು ನೀರು ಕುಡಿದೆ. ಮುರಿದ ಜಾಗ ನೋಡಿದರೆ ಮರದ ಪಟ್ಟಿಗೂ ಗ್ಲಾಸಿಗೂ ನಡುವೆ ಅಂಟು ಒಣ ಹಾಲಿನಪುಡಿಯ ಹಾಗೆ ಉದುರುತ್ತಿತ್ತು. ತೊಲೆಗಳ ಮೇಲೆ, ಸೂರಿನ ಕೆಳಗೆ ಎಷ್ಟೋ ಬೇಸಿಗೆ ಬೆಂದಿದೆ ಪಾಪ. ಎಲ್ಲಿಟ್ಟಿದ್ದರು ಅನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗ್ರಿಜ್ಲಿಯನ್ನು ಕಟ್ಟುವಾಗ ಕೈ ನಡುಗುತ್ತಿತ್ತು ಅಂದರೆ ಸುಳ್ಳಲ್ಲ. 10, 14, 18, 20, 22, 24, ಪ್ರತಿ ಹಂತಕ್ಕೆ ಇಪ್ಪತ್ತು ಸಲ. ಪ್ರತಿ ಹಂತದ ಮಧ್ಯೆ ಟಾರ್ಚ್ ಹಾಕಿ ಗೆರೆ ನೋಡಿದೆ. ಒಂದು ಟಿಕ್ಕೂ ಇಲ್ಲ. ಕೊನೆಗೆ 28ಕ್ಕೆ ಎಳೆದಾಗ ತಕ್ಕಡಿ 48 ಪೌಂಡ್ ತೋರಿಸಿತು. ನನಗೆ ಗೊಂದಲ. 45ಕ್ಕೂ ಸೇರದು, 55ಕ್ಕೂ ಸೇರದು.

ರಾತ್ರಿ ಊಟ ಮಾಡುವಾಗ ಹೊಳೆಯಿತು. 28 ಇಂಚನ್ನು ನಾನು ಹಿಡಿಯ ಆಳದಿಂದ ಅಳೆದಿದ್ದೆ. ಎಎಂಒ ಪದ್ಧತಿಯಲ್ಲಿ ಹಿಡಿಯ ಆಳದಿಂದ ಹೆದೆಗೆ ಇರುವ ದೂರಕ್ಕೆ 1 ಮುಕ್ಕಾಲು ಇಂಚು ಸೇರಿಸಿದರೆ ಅದು ಎಳೆತದ ಉದ್ದ. ಅಂದರೆ 28ರ ತೂಕ ಬೇಕಾದರೆ 26 ಕಾಲು ಇಂಚಿಗೇ ನಿಲ್ಲಿಸಬೇಕು. ನಾನು ಬಿಲ್ಲನ್ನು ಹೆಚ್ಚುಕಡಿಮೆ 30ರವರೆಗೆ ಎಳೆದುಬಿಟ್ಟಿದ್ದೆ. ಮುರಿಯದೇ ಇದ್ದದ್ದು ಅದರ ದೊಡ್ಡತನ. ಮರುದಿನ ಸರಿಯಾಗಿ ಅಳೆದೆ: 24ಕ್ಕೆ 33, 26ಕ್ಕೆ 38, 28ಕ್ಕೆ 43 ಪೌಂಡ್. ಹಳೆ ಬಿಲ್ಲು ಒಂದೆರಡು ಪೌಂಡ್ ಕಳೆದುಕೊಂಡಿರುವುದು ಮಾಮೂಲು. ನಾನು ಅಳಿಸಿದ್ದು 45 ಅಂತ ನಿಶ್ಚಿಂತೆಯಾಯಿತು. ನನ್ನ ಎಳೆತ 27 ಇಂಚು, ಹಾಗಾಗಿ ನನ್ನ ಬೆರಳಿಗೆ ಬೀಳುವುದು ಸುಮಾರು 40 ಪೌಂಡ್.

ಜೂನ್ 15, ಶನಿವಾರ. ಮೊದಲ ಬಾಣಗಳು

ಕಿಟಕಿಯ ತಳಕ್ಕೆ ಬಾಣ ಕೂರುವ ಹೊಸ ಮೆತ್ತೆ ಅಂಟಿಸಿದೆ. ಹೆದೆಯ ಮೇಲೆ ಬಾಣದ ಬುಡ ಎಲ್ಲಿ ಕೂರಬೇಕು ಅನ್ನುವುದಕ್ಕೆ ಹಿತ್ತಾಳೆಯ ಗುಂಡು, ಬಾಣ ಹೆದೆಗೆ ಲಂಬವಾಗಿ ಕೂರುವ ಜಾಗಕ್ಕಿಂತ ಅರ್ಧ ಇಂಚು ಮೇಲೆ. ಹೆದೆಗೆ ಮೇಣ. ಇಷ್ಟೇ.

ಅಜ್ಜಿ ಕೊಟ್ಟ ಬಾಣಗಳ ಮೇಲೆ 2016 ಅಂತ ಇತ್ತು. ಇಸವಿ ಅಂದುಕೊಂಡೆ! ಅಲ್ಲ. 20 ಅಂದರೆ ಕೊಳವೆಯ ದಪ್ಪ ಇಂಚಿನ 64 ಭಾಗಗಳಲ್ಲಿ 20, 16 ಅಂದರೆ ಗೋಡೆಯ ದಪ್ಪ ಇಂಚಿನ ಸಾವಿರ ಭಾಗಗಳಲ್ಲಿ 16. 10 ಗಜದಿಂದ ಬಿಟ್ಟೆ. ನಾಲ್ಕೂ ಎಡಕ್ಕೆ, ಒಂದರ ಪಕ್ಕ ಒಂದು. ಬಲಗೈಯವನ ಬಾಣ ಬಿರುಸಾದರೆ ಎಡಕ್ಕೆ ಹೋಗುತ್ತದೆ, 40 ಪೌಂಡಿಗೆ ಇವು ಬಾಗಲು ಒಪ್ಪುತ್ತಿಲ್ಲ. 1916 ಬಾಣ ಆರು ತರಿಸಿದೆ, 29 ಇಂಚು, 125 ಗ್ರೇನಿನ ಮೊನೆ (ಗ್ರೇನ್ ಅಂದರೆ ಬಾಣ ತೂಗುವ ಸಣ್ಣ ಅಳತೆ). ಒಂದೊಂದು ಸುಮಾರು 450 ಗ್ರೇನ್. ಹಳೆ ಬಿಲ್ಲಿಗೆ ಎಳೆತದ ಪ್ರತಿ ಪೌಂಡಿಗೆ 9ರಿಂದ 10 ಗ್ರೇನಿಗಿಂತ ಹಗುರ ಬಾಣ ಬೇಡ. ಹಗುರವಾದಷ್ಟೂ ಉಳಿದ ಏಟನ್ನು ಬಿಲ್ಲೇ ತಿನ್ನುತ್ತದೆ. ಬಾಣವೇ ಇಲ್ಲದೆ ಎಳೆದು ಬಿಡುವುದಂತೂ ಬಿಲ್ಲನ್ನು ಕೊಂದ ಹಾಗೆ. ನೋಡಲು ಬಂದ ಗೆಳೆಯರು ಮೊದಲು ಮಾಡಲು ಹೋಗುವುದೇ ಅದು. ಕೈಗೆ ಕೊಡುವ ಮೊದಲೇ ಹೇಳಿಬಿಡಿ.

ಇನ್ನೊಂದು. ಮುಂಗೈಗೆ ಪಟ್ಟಿ ಕಟ್ಟಿಕೊಳ್ಳದೆ ಬಿಟ್ಟೆ. ಹೆದೆ ಬಡಿದು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಆಫೀಸಿನಲ್ಲಿ ಒಂದು ವಾರ ತುಂಬು ತೋಳಿನ ಅಂಗಿ.

ಖರ್ಚು

ಎರಡು ಬಿಲ್ಲು 45. ತಪ್ಪು ಹೆದೆ 17, ಸರಿ ಹೆದೆ 17. ಸ್ಟ್ರಿಂಗರ್ 14. ತಕ್ಕಡಿ 11. ಹಿತ್ತಾಳೆ ಗುಂಡು 4, ಮೆತ್ತೆ 5, ಮೇಣ 5. ಆರು ಬಾಣ 42. ಒಟ್ಟು 160 ಡಾಲರ್. ಪಂಚೆ ಮತ್ತು ನೇಲ್ ಪಾಲಿಶ್ ದ್ರಾವಣ ಮನೆಯದ್ದು. ದ್ರಾವಣದ ಲೆಕ್ಕ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಜುಲೈ 6, ಶನಿವಾರ

ಈವರೆಗೆ ಸುಮಾರು 300 ಬಾಣ ಬಿಟ್ಟಿದ್ದೇನೆ. ಮೇಲಿನ ತೋಳಿನ ಗೆರೆ ಪೆನ್ಸಿಲ್ ಗುರುತು ದಾಟಿಲ್ಲ. ಕೆಳಗಿನ ತೋಳು ಮತ್ತೆ 1 ಮಿಲಿಮೀಟರ್ ಸರಿದಿದೆ, ಈಗ 3. ಐದಾದರೆ ಇನ್ನೊಮ್ಮೆ ಬಿಸಿ ಮಾಡಬೇಕು. ಹೆದೆ ಹಿಗ್ಗಿ ಅಂತರ 7 ಮುಕ್ಕಾಲಕ್ಕೆ ಇಳಿದಿತ್ತು, ನಾಲ್ಕು ಸುತ್ತು ಹುರಿ ಸೇರಿಸಿ 8ಕ್ಕೆ ತಂದೆ. ಬಿಲ್ಲನ್ನು ಗರಾಜಿನಲ್ಲಿ ಇಡುತ್ತಿಲ್ಲ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬಿಡುತ್ತಿಲ್ಲ. ಮಲಗುವ ಕೋಣೆಯ ಗೋಡೆಗೆ ಎರಡು ಮರದ ಗೂಟ ಹೊಡೆದು, ಹೆದೆ ಇಳಿಸಿ ಅಡ್ಡಕ್ಕೆ ಮಲಗಿಸಿದ್ದೇನೆ. ಆ ಗೂಟಗಳ ಮೇಲೆ ನಿನ್ನೆ ಒಂದು ದುಪಟ್ಟಾ ಒಣಗುತ್ತಿತ್ತು.